ಹೂ ನೋಡಲು ರಜೆ

2023ರ ಜೂನ್‌ನಲ್ಲಿ ರಜೆ ಅರ್ಜಿ ಬರೆಯುವಾಗ ಕಾರಣದ ಜಾಗಕ್ಕೆ ಬಂದು ನನ್ನ ಪೆನ್ನು ನಿಂತಿತು. ಶಾಲೆ ಆಗಷ್ಟೇ ತೆರೆದಿತ್ತು, ದಾಖಲಾತಿಯ ಗಡಿಬಿಡಿ. ಐವತ್ತನಾಲ್ಕು ವರ್ಷದ ಟೀಚರೊಬ್ಬಳು ‘ಹೂ ನೋಡಲು’ ಎಂದು ಬರೆಯುವುದುಂಟೆ? ‘ಬದರೀನಾಥ ಯಾತ್ರೆ’ ಎಂದು ಬರೆದೆ. ಮರುಮಾತಿಲ್ಲದೆ ಮಂಜೂರಾಯಿತು. ಅತ್ತೆಯವರು ನೂರೊಂದು ರೂಪಾಯಿ ಕಾಣಿಕೆ ಕಟ್ಟಿಕೊಟ್ಟರು. ಪೂರ್ತಿ ಸುಳ್ಳೇನಲ್ಲ, ಬದರಿಗೂ ಹೋದೆವು. ಆದರೆ ನನ್ನ ಮನಸ್ಸೆಲ್ಲ ಅದಕ್ಕಿಂತ ಈಚೆಗೆ ಸಿಗುವ ಹೂವಿನ ಕಣಿವೆಯಲ್ಲಿತ್ತು.

ಜೂನ್‌ನಲ್ಲಿ ಎಂಥ ವಸಂತ ಎನ್ನಬೇಡಿ. ಮೂರು ಸಾವಿರ ಮೀಟರಿಗೂ ಮೇಲಿರುವ ಆ ಜಾಗದಲ್ಲಿ ಹಿಮ ಕರಗಿ ನೆಲ ಕಾಣುವುದೇ ಆಗ. ನಮ್ಮ ಯುಗಾದಿ ಅಲ್ಲಿಗೆ ಎರಡು ತಿಂಗಳು ತಡವಾಗಿ ಬರುತ್ತದೆ. ಹಿಮದ ಅಂಚಿನಲ್ಲೇ, ಇನ್ನೂ ಒದ್ದೆಯಾದ ಮಣ್ಣಿನಿಂದ ಪ್ರಿಮುಲಾ ಹೂಗಳು ತಲೆ ಎತ್ತಿರುತ್ತವೆ.

1931ರಲ್ಲಿ ಫ್ರಾಂಕ್ ಸ್ಮೈತ್ ಮತ್ತು ಸಂಗಡಿಗರು ಕಾಮೆಟ್ ಶಿಖರ ಹತ್ತಿ ಇಳಿಯುವಾಗ ಮಳೆಗೆ ಸಿಕ್ಕಿ ಈ ಕಣಿವೆಗೆ ಬಂದರು. ಸ್ಮೈತ್ 1937ರಲ್ಲಿ ಮತ್ತೆ ಬಂದು, ಮರುವರ್ಷ ಪುಸ್ತಕ ಪ್ರಕಟಿಸಿದ. ‘ಹೂವಿನ ಕಣಿವೆ’ ಎಂಬ ಹೆಸರು ಅವನದು. ಕಂಡುಹಿಡಿದವನೂ ಅವನೇ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಭ್ಯೂಂಡಾರ್ ಊರಿನವರು ಅದಕ್ಕೂ ಮೊದಲಿನಿಂದ ಬೇಸಗೆಯಲ್ಲಿ ಅಲ್ಲಿಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ ಮೇಯಿಸುವುದು ನಿಂತಿತು. ಕುರಿಗಳಿಲ್ಲದೆ ಕಳೆ ಹಬ್ಬಿತೆಂದು ಕೆಲವರ ದೂರು. ಈಗ ಕೂಲಿಯಾಳುಗಳನ್ನು ಇಟ್ಟು ಅದನ್ನು ಕೀಳಿಸುತ್ತಾರೆ.

ನನ್ನನ್ನು ಅಲ್ಲಿಗೆ ಎಳೆದದ್ದು ಸ್ಮೈತ್ ಅಲ್ಲ, ಜೋನ್ ಮಾರ್ಗರೆಟ್ ಲೆಗ್. 1885ರಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಈ ಹೆಣ್ಣುಮಗಳು 1939ರಲ್ಲಿ ಸಸ್ಯಸಂಗ್ರಹಕ್ಕಾಗಿ ಇಲ್ಲಿಗೆ ಬಂದಳು. ಲೆಕ್ಕ ಹಾಕಿ ನೋಡಿ, ಆಗ ಆಕೆಗೂ ಐವತ್ತನಾಲ್ಕು. ಜುಲೈ 4ರಂದು ಬಂಡೆಯ ಇಳಿಜಾರಿನಲ್ಲಿ ಹೂ ಕೀಳುವಾಗ ಕಾಲು ಜಾರಿ ತೀರಿಕೊಂಡಳು. ಅಲ್ಲೇ ಮಣ್ಣು ಮಾಡಿದರು. ಆಮೇಲೆ ಆಕೆಯ ಅಕ್ಕನೋ ತಂಗಿಯೋ ಅಷ್ಟು ದೂರದಿಂದ ಬಂದು ಸಮಾಧಿಗೆ ಕಲ್ಲು ಹಾಕಿಸಿದಳು. ಆಕೆಯೂ ಈ ದಾರಿ ಹತ್ತಿದವಳೇ ಎಂಬುದನ್ನು ನೆನೆದಾಗ ನನಗೆ ಗಂಟಲು ಕಟ್ಟಿತು.

ಪುಲ್ನಾದವರೆಗೆ ಜೀಪು, ಅಲ್ಲಿಂದ ಘಾಂಗರಿಯಾಕ್ಕೆ ಹತ್ತು ಕಿಲೋಮೀಟರಿನಷ್ಟು ಏರು. ಕಂಡಿ ಎಂಬ ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತೊಯ್ಯುವವರು ನನ್ನ ಮಂಡಿ ನೋಡಿ ಹಿಂದೆಯೇ ಬಂದರು. ನಾನು ಹತ್ತಲಿಲ್ಲ. (ಇಳಿಯುವಾಗ ಹತ್ತಿದೆ, ಅದು ಬೇರೆ ಮಾತು.) ಮರುದಿನ ಹಿಮದ ಮೇಲೆ ಕೋಲೂರಿ ದಾಟುವಾಗ ಎರಡು ಸಲ ಕುಸಿದು ಕೂತೆ. ಜೊತೆಗಿದ್ದ ಗೆಳತಿಯರು ನಕ್ಕರು, ಆಮೇಲೆ ಅವರೂ ಬಿದ್ದರು.

ಸಮಾಧಿಗೆ ಹೂವಿಡೋಣವೆಂದರೆ ಅಲ್ಲಿ ಒಂದು ಎಸಳೂ ಕೀಳುವಂತಿಲ್ಲ. ಚೀಲದಲ್ಲಿ ಅತ್ತೆಯವರಿಗೆಂದು ತಂದ ಬದರಿಯ ತುಳಸಿಮಾಲೆಯಿತ್ತು. ಎರಡು ದಳ ಬಿಡಿಸಿ ಕಲ್ಲಿನ ಮೇಲಿಟ್ಟೆ.

ಊರಿಗೆ ಮರಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಪ್ರಸಾದ ಕೇಳಿದರು, ಹಂಚಿದೆ. ಲೆಗ್‌ಳ ಕಥೆಯನ್ನು ಏಳನೆಯ ತರಗತಿಯ ಮಕ್ಕಳಿಗೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಬರೀ ಹೂವಿಗೋಸ್ಕರ ಹೋದ್ರಾ ಮಿಸ್? ಮನೇಲಿ ಬಿಟ್ರಾ?” ಎಂದು ಕೇಳಿದಳು.