ಜೊತೆಹಾರಾಟದ ನೌಕೆಗಳ ದ್ಯುತಿ ಸಂವೇದಕ

ಕಕ್ಷೆಯಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ನೌಕೆಗಳು ತಮ್ಮ ನಡುವೆ ಗೊತ್ತುಪಡಿಸಿದ ಅಂತರ ಕಾಯ್ದುಕೊಂಡು ಸಾಗುವುದು ಜೊತೆಹಾರಾಟ. ಹಾಗೆ ಸಾಗುವಾಗ ಒಂದು ನೌಕೆ ಇನ್ನೊಂದನ್ನು ಬೆಳಕಿನ ಮೂಲಕ ಗುರುತಿಸಿ, ಅದು ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ, ಯಾವ ಕಡೆಗೆ ವಾಲಿದೆ ಎಂದು ಲೆಕ್ಕ ಹಾಕಿಕೊಡುವ ಉಪಕರಣವೇ ದ್ಯುತಿ ಸಂವೇದಕ. ಒಂದು ಮಸೂರ, ಅದರ ಹಿಂದೆ ಬೆಳಕು ಗ್ರಹಿಸುವ ಫಲಕ, ಎದುರಿನ ನೌಕೆಯ ಮೇಲೆ ಗುರುತಿಗೆಂದು ದೀಪ ಅಥವಾ ಕನ್ನಡಿ, ಇವೇ ಇದರ ಮೂಲ ಸಾಮಗ್ರಿ. ದಿಕ್ಕು ಹೇಳುವುದು ಇಂಥ ಉಪಕರಣಕ್ಕೆ ಸುಲಭ, ದೂರ ಹೇಳುವುದು ಕಷ್ಟ. ಆರು ದಶಕಗಳ ಈ ವಿದ್ಯೆ ಬಹುಮಟ್ಟಿಗೆ ಈ ಒಂದು ಕಷ್ಟದ ಸುತ್ತಲೇ ಬೆಳೆದಿದೆ.

ಮೊದಲ ಸಂವೇದಕ ಮನುಷ್ಯನ ಕಣ್ಣು. 1965ರ ಜೂನ್ 3ರಂದು ಅಮೆರಿಕದ ಜೆಮಿನಿ 4 ನೌಕೆಯ ಕಮಾಂಡರ್ ಜೇಮ್ಸ್ ಮ್ಯಾಕ್‌ಡಿವಿಟ್, ತಮ್ಮನ್ನು ಕಕ್ಷೆಗೇರಿಸಿ ಕಳಚಿಕೊಂಡಿದ್ದ ಟೈಟಾನ್ ರಾಕೆಟ್ಟಿನ ಎರಡನೇ ಹಂತದ ಪಕ್ಕದಲ್ಲೇ ಹಾರಲು ಯತ್ನಿಸಿದರು. ನೌಕೆಯಲ್ಲಿ ರೇಡಾರ್ ಇರಲಿಲ್ಲ. ರಾಕೆಟ್ ಹಂತದ ಮೇಲೆ ಮಿನುಗುವ ದೀಪಗಳಿದ್ದವು. ಆದರೂ ಅದು ಎಷ್ಟು ದೂರದಲ್ಲಿದೆ ಎಂಬ ಬಗ್ಗೆ ಮ್ಯಾಕ್‌ಡಿವಿಟ್ ಅವರ ಅಂದಾಜಿಗೂ ಸಹಯಾತ್ರಿ ಎಡ್ ವೈಟ್ ಅವರ ಅಂದಾಜಿಗೂ ತಾಳೆಯಾಗಲಿಲ್ಲ. ಮೇಲಾಗಿ ಕಕ್ಷೆಯ ನಡೆ ನೆಲದ ನಡೆಯಂತಲ್ಲ. ಮುಂದಿರುವ ಗುರಿಯನ್ನು ಹಿಡಿಯಲೆಂದು ವೇಗ ಹೆಚ್ಚಿಸಿಕೊಂಡರೆ ನೌಕೆ ಮೇಲಿನ ಕಕ್ಷೆಗೇರಿ ಕೊನೆಗೆ ಇನ್ನಷ್ಟು ಹಿಂದೆ ಬೀಳುತ್ತದೆ. ಇಂಧನ ವಿಪರೀತ ಖರ್ಚಾಗುತ್ತಿದ್ದುದನ್ನು ಕಂಡು ಪ್ರಯತ್ನವನ್ನು ಕೈಬಿಡಬೇಕಾಯಿತು.

ಅದೇ ವರ್ಷ ಡಿಸೆಂಬರ್ 15ರಂದು ಜೆಮಿನಿ 6ಎ ನೌಕೆಯಲ್ಲಿದ್ದ ವಾಲಿ ಷಿರಾ ಮತ್ತು ಟಾಮ್ ಸ್ಟಾಫರ್ಡ್, ಜೆಮಿನಿ 7 ನೌಕೆಯ ಬಳಿಗೆ ಸುಮಾರು 30 ಸೆಂಟಿಮೀಟರಿನಷ್ಟು ಸಮೀಪ ಹೋಗಿ ಗಂಟೆಗಟ್ಟಲೆ ಜೊತೆಯಲ್ಲೇ ಹಾರಿದರು. ಈ ಬಾರಿ ದೂರ ಹೇಳಲು ರೇಡಾರ್ ಇತ್ತು. ಸುಮಾರು 100 ಕಿಲೋಮೀಟರ್ ದೂರದಿಂದ ಜೆಮಿನಿ 7 ಮೊದಲು ಕಣ್ಣಿಗೆ ಬಿದ್ದಾಗ ಅವರು ಅದನ್ನು ಲುಬ್ಧಕ ನಕ್ಷತ್ರವೆಂದೇ ಭಾವಿಸಿದ್ದರು. ಬಿಸಿಲು ಬಿದ್ದ ನೌಕೆ ದೂರದಿಂದ ನಕ್ಷತ್ರದಂತೆಯೇ ಒಂದು ಬೆಳಕಿನ ಚುಕ್ಕೆ. ನಕ್ಷತ್ರಗಳ ನಡುವೆ ನೌಕೆಯನ್ನು ಹೆಕ್ಕಿ ತೆಗೆಯುವ ಈ ಸಮಸ್ಯೆಯನ್ನು ಮುಂದೆ ಕ್ಯಾಮೆರಾಗಳೂ ಬಿಡಿಸಬೇಕಾಗಿ ಬಂತು. 1966ರ ನವೆಂಬರಿನಲ್ಲಿ ಜೆಮಿನಿ 12ರ ರೇಡಾರ್ ಕೆಟ್ಟಾಗ ಬಜ್ ಆಲ್ಡ್ರಿನ್ ಸೆಕ್ಸ್‌ಟೆಂಟ್ ಮತ್ತು ಪಟ್ಟಿಗಳನ್ನು ಹಿಡಿದು ಲೆಕ್ಕ ಹಾಕಿ ಗುರಿಯನ್ನು ತಲುಪಿದರು. 1963ರಲ್ಲಿ ಎಂಐಟಿಗೆ ಅವರು ಸಲ್ಲಿಸಿದ್ದ ಪಿಎಚ್.ಡಿ. ಪ್ರಬಂಧದ ವಿಷಯವೇ ದೃಷ್ಟಿರೇಖೆಯ ಆಧಾರದಲ್ಲಿ ಕಕ್ಷೆಯಲ್ಲಿ ಕೂಡುವ ವಿಧಾನ.

ಅಪೊಲೊ ಯಾನಗಳಲ್ಲಿ ಚಾಲಕನ ಕಿಟಕಿಗೆ ಗುರಿಗೆರೆಗಳುಳ್ಳ ಒಂದು ದರ್ಶಕವನ್ನು ಜೋಡಿಸಲಾಗಿತ್ತು. ಎದುರಿನ ಚಂದ್ರನೌಕೆಯ ಮೇಲೆ ಒಂದು ತಟ್ಟೆ, ಅದರ ಮುಂದೆ ಚಾಚಿದ ಸಣ್ಣ ಕಂಬಿಯ ತುದಿಯಲ್ಲಿ ಒಂದು ಶಿಲುಬೆ. ನೌಕೆಗಳು ನೇರವಾಗಿದ್ದರೆ ಶಿಲುಬೆ ತಟ್ಟೆಯ ನಡುವೆ ಕೂರುತ್ತದೆ, ಸ್ವಲ್ಪ ವಾಲಿದರೂ ಪಕ್ಕಕ್ಕೆ ಸರಿಯುತ್ತದೆ. ಒಂದೇ ಸಮತಲದಲ್ಲಿರುವ ಗುರುತುಗಳಿಂದ ವಾಲುವಿಕೆ ಸರಿಯಾಗಿ ತಿಳಿಯುವುದಿಲ್ಲ, ಒಂದಾದರೂ ಗುರುತು ಮುಂದಕ್ಕೆ ಚಾಚಿರಬೇಕು ಎಂಬ ಈ ಉಪಾಯ ಇಂದಿಗೂ ಬಿಟ್ಟುಹೋಗಿಲ್ಲ. ಸೋವಿಯತ್ ತಂತ್ರಜ್ಞರು ಬೇರೆ ದಾರಿ ಹಿಡಿದರು. 1967ರ ಅಕ್ಟೋಬರ್ 30ರಂದು ಕಾಸ್ಮಾಸ್ 186 ಮತ್ತು 188 ಮಾನವನ ನೆರವಿಲ್ಲದೆ ಕೂಡಿಕೊಂಡದ್ದು ‘ಇಗ್ಲಾ’ ಎಂಬ ರೇಡಿಯೊ ವ್ಯವಸ್ಥೆಯಿಂದ.

ಬೆಳಕನ್ನೇ ನಂಬಿ ದೂರ ಅಳೆಯುವುದು ಏಕೆ ಕಷ್ಟ ಎಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಎದುರಿನ ನೌಕೆ 150 ಮೀಟರ್ ದೂರದಲ್ಲಿದೆ, ಅದರ ಮೇಲೆ 1 ಮೀಟರ್ ಅಂತರದಲ್ಲಿ ಎರಡು ದೀಪಗಳಿವೆ ಎನ್ನೋಣ. ಕ್ಯಾಮೆರಾ ಕೋನವನ್ನು ಒಂದು ಆರ್ಕ್ ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲಿನಷ್ಟು, ತಪ್ಪಾಗಿ ಅಳೆಯಿತು. ನೌಕೆ ಎಡಬಲಕ್ಕೆ ಎಷ್ಟು ಸರಿದಿದೆ ಎಂಬ ಲೆಕ್ಕದಲ್ಲಿ ಇದರಿಂದ ಆಗುವ ತಪ್ಪು 1 ಮಿಲಿಮೀಟರಿಗೂ ಕಡಿಮೆ. ಅದೇ ತಪ್ಪು ಎರಡು ದೀಪಗಳ ನಡುವಿನ ಕೋನದಲ್ಲಿ ನುಸುಳಿದರೆ ದೂರದ ಲೆಕ್ಕ ಸುಮಾರು 11 ಸೆಂಟಿಮೀಟರ್ ತಪ್ಪುತ್ತದೆ. ನೌಕೆ ಎರಡು ಪಟ್ಟು ದೂರ ಹೋದರೆ ಈ ತಪ್ಪು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹತ್ತಿರದಲ್ಲಿ ಒಂದೇ ಕ್ಯಾಮೆರಾ ಸಾಕಾದರೂ ದೂರದಲ್ಲಿ ಲೇಸರಿನಂಥ ಇನ್ನೊಂದು ಅಳತೆಗೋಲು ಬೇಕಾಗುತ್ತದೆ.

ಲೇಸರ್ ಬಂದರೆ ಅದರದೇ ತೊಡಕು ಬರುತ್ತದೆ. ಬಂದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವ ಮೂಲೆಗನ್ನಡಿಗಳನ್ನು ಎದುರಿನ ನೌಕೆಗೆ ಅಂಟಿಸಿರುತ್ತಾರೆ. ಮೂರು ಕನ್ನಡಿಗಳು ಕೋಣೆಯ ಮೂಲೆಯಂತೆ ಲಂಬವಾಗಿ ಕೂಡಿದ ರಚನೆ ಅದು. ಹಾಗೆ ಮರಳುವ ಬೆಳಕಿನ ಪ್ರಮಾಣ ದೂರದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ 10 ಪಟ್ಟಾದರೆ ಬೆಳಕು 10,000ದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಿಲೋಮೀಟರ್ ದೂರದಲ್ಲಿ ಕಣ್ಣರಳಿಸಿ ನೋಡಬೇಕಾದ ಫಲಕ, ಮೀಟರ್ ದೂರದಲ್ಲಿ ಅದೇ ಬೆಳಕಿಗೆ ಕುರುಡಾಗುತ್ತದೆ. ಮಸೂರದ ಫೋಕಸ್ಸೂ ಅಷ್ಟೇ, ಎರಡೂ ತುದಿಗೆ ಒಗ್ಗುವುದಿಲ್ಲ. ಆದ್ದರಿಂದ ದೂರಕ್ಕೊಂದು, ನಡುವಿಗೊಂದು, ಹತ್ತಿರಕ್ಕೊಂದು ಎಂದು ಸಂವೇದಕಗಳನ್ನು ಹಂಚಿ, ಒಂದರ ವ್ಯಾಪ್ತಿ ಮುಗಿಯುವ ಮೊದಲೇ ಇನ್ನೊಂದು ಶುರುವಾಗುವಂತೆ ಜೋಡಿಸುವುದು ರೂಢಿಗೆ ಬಂತು. ಈ ವಿನ್ಯಾಸದ ನಿಜವಾದ ಪರೀಕ್ಷೆ ಆ ಹಸ್ತಾಂತರದ ಗಳಿಗೆಯಲ್ಲೇ ನಡೆಯುತ್ತದೆ.

ನಾಸಾದ ಮಾರ್ಷಲ್ ಕೇಂದ್ರದಲ್ಲಿ ರೂಪುಗೊಂಡು 1997 ಮತ್ತು 1998ರ ಷಟಲ್ ಯಾನಗಳಲ್ಲಿ ಪರೀಕ್ಷೆಗೊಳಗಾದ ವಿಡಿಯೊ ಗೈಡೆನ್ಸ್ ಸೆನ್ಸರ್, ಬಿಸಿಲಿನ ಕಾಟಕ್ಕೆ ಒಂದು ಸೊಗಸಾದ ಉತ್ತರ ಕಂಡುಕೊಂಡಿತು. ಅದರಲ್ಲಿ ಎರಡು ಬಗೆಯ ಲೇಸರ್ ಡಯೋಡ್‌ಗಳಿದ್ದವು, ಒಂದರ ತರಂಗಾಂತರ 800 ನ್ಯಾನೊಮೀಟರ್, ಇನ್ನೊಂದರದು 850. ಎದುರಿನ ಮೂಲೆಗನ್ನಡಿಗಳ ಮುಂದೆ 850ನ್ನು ಬಿಟ್ಟುಕೊಡುವ, 800ನ್ನು ಹೀರಿಕೊಳ್ಳುವ ಶೋಧಕ. ಮೊದಲು ಒಂದು ಬೆಳಕಿನಲ್ಲಿ, ತಕ್ಷಣವೇ ಇನ್ನೊಂದರಲ್ಲಿ ಚಿತ್ರ ತೆಗೆದು, ಒಂದರಿಂದ ಇನ್ನೊಂದನ್ನು ಕಳೆದರೆ ಬಿಸಿಲಿನ ಝಳಪು, ಚಿನ್ನದ ಹಾಳೆಯ ಹೊಳಪು, ಭೂಮಿಯ ಮೋಡ ಎಲ್ಲ ಎರಡೂ ಚಿತ್ರಗಳಲ್ಲಿ ಒಂದೇ ರೀತಿ ಇರುವುದರಿಂದ ಅಳಿಸಿಹೋಗುತ್ತವೆ. ಉಳಿಯುವುದು ಕನ್ನಡಿಗಳ ಚುಕ್ಕೆಗಳು ಮಾತ್ರ. ನಡುವಿನ ಕನ್ನಡಿ ಕಂಬಿಯ ಮೇಲೆ ಮುಂದಕ್ಕೆ ಚಾಚಿತ್ತು, ಅಪೊಲೊ ಶಿಲುಬೆಯ ಉಪಾಯವೇ. ಗಣಿತ ಇನ್ನೂ ಹಳೆಯದು. ಮೂರು ಗುರುತುಗಳ ನಡುವಿನ ಕೋನಗಳಿಂದ ನೋಡುವವನ ನೆಲೆಯನ್ನು ಕಂಡುಹಿಡಿಯುವ ಸಮಸ್ಯೆಯನ್ನು ಜರ್ಮನಿಯ ಗಣಿತಜ್ಞ ಗ್ರೂನರ್ಟ್ 1841ರಲ್ಲೇ ಬಿಡಿಸಿದ್ದರು. ಮೂರೇ ಗುರುತುಗಳಿದ್ದರೆ ನಾಲ್ಕರವರೆಗೆ ಉತ್ತರಗಳು ಬರಬಹುದು. ಆದ್ದರಿಂದಲೇ ಇಂದಿನ ನೌಕೆಗಳ ಮೇಲೆ ಗುರುತುಗಳು ಹೆಚ್ಚಾಗಿ ನಾಲ್ಕು ಅಥವಾ ಅದಕ್ಕೂ ಮೇಲು.

ಮಾನವರಹಿತ ನೌಕೆಗಳ ನಡುವೆ ಬೆಳಕಿನ ಸಂವೇದಕಗಳನ್ನು ಸಾಲಾಗಿ ಜೋಡಿಸಿ ಗೆದ್ದದ್ದು ಜಪಾನಿನ ಇಟಿಎಸ್-7. 1997ರ ನವೆಂಬರ್ 28ರಂದು ಉಡಾವಣೆಯಾದ ಈ ಜೋಡಿಗೆ ಹಿಕೊಬೊಷಿ ಮತ್ತು ಒರಿಹಿಮೆ ಎಂದು ಹೆಸರು. ವರ್ಷಕ್ಕೊಮ್ಮೆ ತನಬಾತ ಹಬ್ಬದಂದು ಮಾತ್ರ ಸಂಧಿಸುವ, ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ರೂಪದ ಪ್ರೇಮಿಗಳು ಅವರು. ನೌಕೆಗಳು ತಾವಾಗಿ ಕೂಡಿದ್ದೂ 1998ರ ಜುಲೈ 7ರಂದು, ಆ ಹಬ್ಬದ ದಿನವೇ. ದೂರದಲ್ಲಿ ಜಿಪಿಎಸ್, ಸುಮಾರು 500 ಮೀಟರಿನಿಂದ ಲೇಸರ್ ರೇಡಾರ್, ಕೊನೆಯ 2 ಮೀಟರಿಗೆ ಸಾಮೀಪ್ಯ ಕ್ಯಾಮೆರಾ ಕೆಲಸ ಮಾಡಿದವು.

ಹಸ್ತಾಂತರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾಸಾದ ಡಾರ್ಟ್ ನೌಕೆ 2005ರ ಏಪ್ರಿಲ್ 15ರಂದು ತೋರಿಸಿತು. ಮಬ್ಲ್‌ಕಾಮ್ ಉಪಗ್ರಹದ ಸುತ್ತ ತಾನಾಗಿ ಸುಳಿದಾಡಬೇಕಿದ್ದ ಡಾರ್ಟ್‌ನಲ್ಲಿ ಮೇಲೆ ಹೇಳಿದ ಸೆನ್ಸರಿನ ಸುಧಾರಿತ ರೂಪವಿತ್ತು. ನೌಕೆಯ ವೇಗ ತಿಳಿಸುವ ಜಿಪಿಎಸ್ ಲೆಕ್ಕದಲ್ಲಿ ದೋಷವಿತ್ತು. ಅದರಿಂದ ಇಂಧನ ವಿಪರೀತ ಖರ್ಚಾಯಿತು, ಜೊತೆಗೆ ಸೆನ್ಸರನ್ನು ಪೂರ್ಣ ಕೆಲಸಕ್ಕೆ ಇಳಿಸಬೇಕಿದ್ದ ಒಂದು ಗೊತ್ತಾದ ತಾಣ ಕೆಲವೇ ಮೀಟರಿನಲ್ಲಿ ತಪ್ಪಿಹೋಯಿತು. ಆ ಬಳಿಕ ಸೆನ್ಸರ್ ದಿಕ್ಕನ್ನು ಹೇಳುತ್ತಲೇ ಇತ್ತು, ದೂರವನ್ನು ಹೇಳಲಿಲ್ಲ. ಡಾರ್ಟ್ ನೇರವಾಗಿ ಹೋಗಿ ಮಬ್ಲ್‌ಕಾಮಿಗೆ ಡಿಕ್ಕಿ ಹೊಡೆಯಿತು. ಎರಡು ವರ್ಷಗಳ ನಂತರ ಆರ್ಬಿಟಲ್ ಎಕ್ಸ್‌ಪ್ರೆಸ್ ಯೋಜನೆಯಲ್ಲಿ ಇದೇ ಬಗೆಯ ಸೆನ್ಸರ್ ಸಮರ್ಥವಾಗಿ ಕೆಲಸ ಮಾಡಿತು ಎಂಬುದನ್ನು ನೆನಪಿಡಬೇಕು. ಕೆಟ್ಟದ್ದು ಮಸೂರವಲ್ಲ, ಅದನ್ನು ಎಚ್ಚರಿಸಬೇಕಿದ್ದ ವ್ಯವಸ್ಥೆ.

ಯುರೋಪಿನ ಸರಕು ನೌಕೆ ಎಟಿವಿ 2008ರ ಏಪ್ರಿಲ್ 3ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕೂಡಿದಾಗ ಕೊನೆಯ ಸುಮಾರು 250 ಮೀಟರನ್ನು ಕ್ಯಾಮೆರಾ ಆಧಾರಿತ ವಿಡಿಯೊಮೀಟರ್ ನೋಡಿಕೊಂಡಿತು. ಅದನ್ನು ತಪಾಸಿಸಲು ಬೇರೆಯೇ ತತ್ತ್ವದ ಇನ್ನೊಂದು ಲೇಸರ್ ಉಪಕರಣ ಜೊತೆಗಿತ್ತು. ಮನುಷ್ಯರಿರುವ ನಿಲ್ದಾಣದ ಬಳಿಗೆ ಹೋಗುವಾಗ ಈ ಎಚ್ಚರ ಅತಿಯೆನಿಸುವುದಿಲ್ಲ.

2010ರ ಜೂನ್ 15ರಂದು ಹಾರಿದ ಸ್ವೀಡನ್ನಿನ ಪ್ರಿಸ್ಮಾ ಯಾನದೊಂದಿಗೆ ಸಂವೇದಕಗಳ ಲೋಕಕ್ಕೆ ನಕ್ಷತ್ರ ಕ್ಯಾಮೆರಾ ಬಂತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯ, ನೌಕೆಯ ನಿಲುವು ತಿಳಿಯಲು ಬಳಸುವ ತನ್ನ ಪುಟ್ಟ ನಕ್ಷತ್ರ ಕ್ಯಾಮೆರಾವನ್ನೇ ಒಗ್ಗಿಸಿ, ಮ್ಯಾಂಗೊ ಎಂಬ ನೌಕೆಯಿಂದ ಟ್ಯಾಂಗೊ ಎಂಬ ಜೊತೆಗಾರನನ್ನು ಹಿಂಬಾಲಿಸುವಂತೆ ಮಾಡಿತು. ದೂರದ ಕ್ಯಾಮೆರಾ ನಕ್ಷತ್ರಪಟ್ಟಿಯಲ್ಲಿರುವ ಚುಕ್ಕೆಗಳನ್ನೆಲ್ಲ ಗುರುತಿಸಿ ಬದಿಗಿಡುತ್ತದೆ, ಪಟ್ಟಿಯಲ್ಲಿಲ್ಲದೆ ಉಳಿದ ಚುಕ್ಕೆಗಳ ನಡುವೆ ಜೊತೆಗಾರನನ್ನು ಹುಡುಕುತ್ತದೆ. ಹತ್ತಿರದ ಕ್ಯಾಮೆರಾ ಟ್ಯಾಂಗೊ ಮೈಮೇಲಿನ ಎಲ್‌ಇಡಿ ದೀಪಗಳ ವಿನ್ಯಾಸವನ್ನು ಓದುತ್ತದೆ. ನಕ್ಷತ್ರ ಕ್ಯಾಮೆರಾದ ಮಸೂರವನ್ನು ತುಸು ಫೋಕಸ್ ತಪ್ಪಿಸಿಯೇ ಕೂರಿಸುವುದು ವಾಡಿಕೆ. ಚುಕ್ಕೆ ಹಲವು ಪಿಕ್ಸೆಲ್‌ಗಳ ಮೇಲೆ ಹರಡಿದಾಗ ಅದರ ನಡುಬಿಂದುವನ್ನು ಪಿಕ್ಸೆಲ್‌ನ ಒಂದಂಶದಷ್ಟು ನಿಖರವಾಗಿ ಗುರುತಿಸಬಹುದು. 2012ರ ಏಪ್ರಿಲ್‌ನಲ್ಲಿ ಜರ್ಮನಿಯ ಡಿಎಲ್ಆರ್ ಸಂಸ್ಥೆ ಇದೇ ಕ್ಯಾಮೆರಾದಿಂದ ಬರೇ ದಿಕ್ಕುಗಳನ್ನು ಬಳಸಿ ಮ್ಯಾಂಗೊವನ್ನು 30 ಕಿಲೋಮೀಟರಿನಿಂದ 3 ಕಿಲೋಮೀಟರಿಗೆ ತಂದಿತು. ದಿಕ್ಕು ಮಾತ್ರ ತಿಳಿದಾಗ ದೂರ ಹೇಗೆ ಸಿಕ್ಕಿತು? ನೌಕೆ ಬೇಕೆಂದೇ ತನ್ನ ಪಥವನ್ನು ಸ್ವಲ್ಪ ಬದಲಿಸುತ್ತದೆ, ಆ ಬದಲಾವಣೆಗೆ ದಿಕ್ಕು ಎಷ್ಟು ತಿರುಗಿತು ಎಂಬುದರಿಂದ ದೂರ ಹೊರಬೀಳುತ್ತದೆ. ಈ ಚರಿತ್ರೆಯಲ್ಲಿ ಇದಕ್ಕಿಂತ ಜಾಣ್ಮೆಯ ಹೆಜ್ಜೆ ಇನ್ನೊಂದಿಲ್ಲ.

2018ರಲ್ಲಿ ಹಾರಿದ ಗ್ರೇಸ್ ಫಾಲೋ-ಆನ್ ನೌಕೆಗಳದು ಬೇರೆಯೇ ಅಳತೆ. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸಾಗುವ ಅವುಗಳ ನಡುವಿನ ದೂರದ ಏರಿಳಿತವನ್ನು ಲೇಸರ್ ವ್ಯತಿಕರಣ ಮಾಪಕ ನ್ಯಾನೊಮೀಟರ್ ಮಟ್ಟದಲ್ಲಿ ಗುರುತಿಸುತ್ತದೆ. ಮೂರು ಕನ್ನಡಿಗಳನ್ನು ಬಿಡಿಬಿಡಿಯಾಗಿ ಕೂರಿಸಿ, ಅವು ಸೇರಬೇಕಾದ ಕಾಲ್ಪನಿಕ ಮೂಲೆ ನೌಕೆಯ ದ್ರವ್ಯರಾಶಿಯ ಕೇಂದ್ರದಲ್ಲೇ ಬೀಳುವಂತೆ ಮಾಡಿದ್ದಾರೆ. ನೌಕೆ ಅಲ್ಲಾಡಿದರೂ ಬೆಳಕು ಕ್ರಮಿಸುವ ಹಾದಿಯ ಉದ್ದ ಬದಲಾಗುವುದಿಲ್ಲ.

ಮಿಲಿಮೀಟರ್ ನಿಖರತೆಯ ಜೊತೆಹಾರಾಟ ಕೈಗೂಡಿದ್ದು ಯುರೋಪಿನ ಪ್ರೋಬಾ-3ರಲ್ಲಿ. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್ಎಲ್‌ವಿ-ಸಿ59 ಅದನ್ನು ಕಕ್ಷೆಗೇರಿಸಿತು. 1.4 ಮೀಟರ್ ಅಗಲದ ತಟ್ಟೆ ಹೊತ್ತ ಒಂದು ನೌಕೆ ಸೂರ್ಯನನ್ನು ಮರೆಮಾಡುತ್ತದೆ, ಸುಮಾರು 150 ಮೀಟರ್ ಹಿಂದಿನ ಇನ್ನೊಂದು ನೌಕೆ ಆ ಕೃತಕ ಗ್ರಹಣದಲ್ಲಿ ಸೂರ್ಯನ ಕಿರೀಟದ ಚಿತ್ರ ತೆಗೆಯುತ್ತದೆ. ದೂರದರ್ಶಕದ ಕಿಂಡಿ 5 ಸೆಂಟಿಮೀಟರ್, ಅದರ ಮೇಲೆ ಕೂರಬೇಕಾದ ನೆರಳು ಸುಮಾರು 8 ಸೆಂಟಿಮೀಟರ್. ಈ ಕೆಲಸ ನಡೆಯುವುದು ಭೂಮಿಯಿಂದ ಸುಮಾರು 60,000 ಕಿಲೋಮೀಟರ್ ಎತ್ತರದಲ್ಲಿ, ಜಿಪಿಎಸ್ ಉಪಗ್ರಹಗಳಿಗಿಂತ ಬಹಳ ಮೇಲೆ. ಆದ್ದರಿಂದ ತಟ್ಟೆಯ ನೌಕೆಯಲ್ಲಿ ಅಗಲ ನೋಟದ ಕ್ಯಾಮೆರಾ, ಕಿರಿದು ನೋಟದ ಕ್ಯಾಮೆರಾ, ಆಮೇಲೆ ಎದುರಿನ ಮೂಲೆಗನ್ನಡಿಗೆ ಬೆಳಕು ಕಳಿಸುವ ಲೇಸರ್ ಹೀಗೆ ಒಂದರ ಬೆನ್ನಿಗೆ ಒಂದಿವೆ. ಕೊನೆಯ ಸಂವೇದಕ ನೆರಳನ್ನೇ ಓದುತ್ತದೆ. ದೂರದರ್ಶಕದ ಕಿಂಡಿಯ ಸುತ್ತ ಎಂಟು ಬೆಳಕುಗ್ರಾಹಿಗಳು ಅರೆನೆರಳಿನಲ್ಲಿ ಕುಳಿತಿರುತ್ತವೆ. ನೆರಳು ನಡುವೆ ಇದ್ದರೆ ಎಂಟಕ್ಕೂ ಸಮನಾದ ಬೆಳಕು. ಒಂದು ಕಡೆ ಸರಿದರೆ ಒಂದು ಬದಿಗೆ ಬೆಳಕು ಹೆಚ್ಚುತ್ತದೆ, ಇನ್ನೊಂದು ಬದಿಗೆ ಕಡಿಮೆಯಾಗುತ್ತದೆ. ಇಟಲಿಯ ತಂಡ ರೂಪಿಸಿದ ಈ ಸಾಧನದಲ್ಲಿ ಗುರುತಿನ ದೀಪವೂ ಇಲ್ಲ, ಕನ್ನಡಿಯೂ ಇಲ್ಲ, ಸೂರ್ಯನೇ ದೀಪ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳು ಪ್ರಕಟವಾದವು.

ಅದೇ 2024ರ ಡಿಸೆಂಬರ್ 30ರಂದು ಹಾರಿದ ಇಸ್ರೋದ ಸ್ಪೇಡೆಕ್ಸ್ ಯಾನವನ್ನು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ಇತರ ಇಸ್ರೋ ಕೇಂದ್ರಗಳ ನೆರವಿನೊಂದಿಗೆ ರೂಪಿಸಿತು. ನೆರವಾದವುಗಳಲ್ಲಿ ಪೀಣ್ಯದ ಲಿಯೋಸ್ ಪ್ರಯೋಗಾಲಯವೂ ಒಂದು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದ ಪೀಣ್ಯದ ಆವರಣದಲ್ಲೇ ಇಂದು ಉಪಗ್ರಹಗಳ ದ್ಯುತಿ ಸಂವೇದಕಗಳು ಸಿದ್ಧವಾಗುತ್ತವೆ. ತಲಾ ಸುಮಾರು 220 ಕಿಲೋ ತೂಕದ ಎರಡು ನೌಕೆಗಳಲ್ಲಿ ಕೆಲಸದ ಹಂಚಿಕೆ ಅಚ್ಚುಕಟ್ಟು. 6,000 ಮೀಟರಿನಿಂದ 200 ಮೀಟರಿನವರೆಗೆ ಲೇಸರ್ ದೂರಮಾಪಕ, 2,000ದಿಂದ 10 ಮೀಟರಿನವರೆಗೆ ಲೇಸರ್ ಡಯೋಡ್ ದೀಪಗಳನ್ನು ನೋಡುವ ಕ್ಯಾಮೆರಾ, 30 ಮೀಟರಿನಿಂದ 0.4 ಮೀಟರಿನವರೆಗೆ ಸಾಮೀಪ್ಯ ಸಂವೇದಕ. ಪ್ರತಿಯೊಂದರ ವ್ಯಾಪ್ತಿಯೂ ಮುಂದಿನದರ ಮೇಲೆ ಚಾಚಿಕೊಂಡಿರುವುದನ್ನು ಗಮನಿಸಬೇಕು. 2025ರ ಜನವರಿಯಲ್ಲಿ ನೌಕೆಗಳು ನಿರೀಕ್ಷೆಗಿಂತ ಹೆಚ್ಚು ತೇಲಿದ್ದರಿಂದ ಜೋಡಣೆಯನ್ನು ಮುಂದೂಡಲಾಯಿತು. 12ರಂದು 15 ಮೀಟರಿಗೆ, ಬಳಿಕ 3 ಮೀಟರಿಗೆ ಬಂದು ಹಿಂದೆ ಸರಿದು ಅಳತೆಗಳನ್ನು ತಾಳೆ ನೋಡಿದರು. 16ರಂದು ನೌಕೆಗಳು ಕೂಡಿದವು. ಡಾರ್ಟ್‌ನ ಕಥೆ ಬಲ್ಲವರಿಗೆ ಆ ನಾಲ್ಕು ದಿನಗಳ ತಾಳ್ಮೆಯ ಬೆಲೆ ಗೊತ್ತು.

ಇಲ್ಲಿಯವರೆಗಿನ ಗುರಿಗಳೆಲ್ಲ ಬಹುಪಾಲು ದೀಪವನ್ನೋ ಕನ್ನಡಿಯನ್ನೋ ಹೊತ್ತು ಸಹಕರಿಸಿದವು. ಈಗ ಸಹಕರಿಸದ ಗುರಿಗಳ ಸರದಿ. 2024ರ ಫೆಬ್ರುವರಿಯಲ್ಲಿ ಹಾರಿದ ಜಪಾನಿನ ಆಡ್ರಸ್-ಜೆ ನೌಕೆ, 2009ರಿಂದ ಕಕ್ಷೆಯಲ್ಲಿ ನಿರ್ಜೀವವಾಗಿ ಸುತ್ತುತ್ತಿದ್ದ ಒಂದು ರಾಕೆಟ್ ಹಂತದ ಬಳಿಗೆ ಸುಮಾರು 15 ಮೀಟರಿನಷ್ಟು ಹತ್ತಿರ ಹೋಯಿತು. ದೂರದಲ್ಲಿ ಸಾಮಾನ್ಯ ಕ್ಯಾಮೆರಾ, ಕತ್ತಲಿಗೆ ಅವಕೆಂಪು ಕ್ಯಾಮೆರಾ, ಹತ್ತಿರಕ್ಕೆ ಲಿಡಾರ್. ಗುರಿಯ ಮೇಲೆ ಗುರುತಿಗೆಂದು ಇಟ್ಟ ಏನೂ ಇಲ್ಲದಿರುವಾಗ ಅದರ ಆಕಾರವನ್ನೇ ಓದಿ ದೂರವನ್ನೂ ವಾಲುವಿಕೆಯನ್ನೂ ಹೇಳುವುದು ಈಗಿನ ಸಂವೇದಕಗಳ ಮುಂದಿರುವ ಕೆಲಸ.