ಚೆನ್ನೈನ ಆಮೆ ನಡಿಗೆ

ಚೆನ್ನೈ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಸೆಕೆ, ನೀರಿನ ಲಾರಿ, ಮರೀನಾ ಬೀಚು. ಅದೇ ದಡಕ್ಕೆ ಪ್ರತಿ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡೋಕೆ ಬರುತ್ತವೆ ಅನ್ನೋದು ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೂ ಗೊತ್ತಿಲ್ಲ. ಗೊತ್ತಿರೋರಿಗೆ ಹೇಳಿಕೊಟ್ಟದ್ದು ಹೆಚ್ಚಾಗಿ ಇಲ್ಲಿನ ವಿದ್ಯಾರ್ಥಿಗಳು!

ಇದು ಶುರುವಾದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಮದ್ರಾಸಿನ ಹಾವಿನ ಪಾರ್ಕ್ ಕಟ್ಟಿದ ರೋಮುಲಸ್ ವಿಟೇಕರ್ ಮತ್ತು ಗೆಳೆಯರು ರಾತ್ರಿಯೆಲ್ಲ ದಡದಲ್ಲಿ ನಡೆದು ಗೂಡು ಹುಡುಕುತ್ತಿದ್ದರು. ಮೊಟ್ಟೆಗಳಿಗೆ ಆಗ ನಾಯಿ ನರಿಗಳ ಕಾಟದ ಜೊತೆಗೆ ಮನುಷ್ಯರ ಕಾಟವೂ ಇತ್ತು. ಆ ಬಳಗದ ಸತೀಶ್ ಭಾಸ್ಕರ್ ಮುಂದೆ ದೇಶದ ಕರಾವಳಿಯಲ್ಲಿ ಸಾವಿರಾರು ಕಿಲೋಮೀಟರ್ ನಡೆದು ಕಡಲಾಮೆಗಳ ಲೆಕ್ಕ ಬರೆದಿಟ್ಟರು. 1988ರಲ್ಲಿ ವಿದ್ಯಾರ್ಥಿಗಳೇ ಸೇರಿ 'ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್' ಕಟ್ಟಿಕೊಂಡು ಈ ಕೆಲಸ ಕೈಗೆತ್ತಿಕೊಂಡರು.

ಇಲ್ಲಿ ಪಾಠ ಅಂದ್ರೆ ನಡಿಗೆ. ನೀಲಾಂಕರೈಯಿಂದ ಬೆಸಂಟ್ ನಗರಕ್ಕೆ ಸುಮಾರು ಏಳು ಕಿಲೋಮೀಟರ್, ಅದೂ ರಾತ್ರಿ. ಮರಳಿನ ಮೇಲೆ ಆಮೆ ತೆವಳಿದ ಗುರುತು ನೋಡಬೇಕು, ಕೋಲಿನಿಂದ ಮೆತ್ತಗೆ ಒತ್ತಿ ಗೂಡಿನ ಜಾಗ ತಿಳೀಬೇಕು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಅವನ್ನು ಅಲುಗಾಡಿಸದೆ ಹ್ಯಾಚರಿಗೆ ಒಯ್ದು, ಅಷ್ಟೇ ಆಳದ ಗುಂಡಿಯಲ್ಲಿ ಹೂಳಬೇಕು. ಸುಮಾರು 45 ದಿನ ಕಳೆದ ಮೇಲೆ ಮರಿಗಳು ಹೊರಬರುತ್ತವೆ. ಮರಳು ಬಿಸಿಯಾದಷ್ಟೂ ಹೆಣ್ಣು ಮರಿ ಹೆಚ್ಚು ಅನ್ನೋದನ್ನ ಮಕ್ಕಳು ಅಲ್ಲೇ ನಿಂತು ಕೇಳಿದರೆ ಜನ್ಮಕ್ಕೂ ಮರೆಯೋಲ್ಲ.

ಮೊಟ್ಟೆಗಳನ್ನ ಅಲ್ಲೇ ಬಿಟ್ಟರೆ ಏನಾಗುತ್ತೆ ಅಂತೀರಾ? ಮರಿಗಳು ಬೆಳಕಿರೋ ಕಡೆಗೆ ಹೋಗುತ್ತವೆ. ಕತ್ತಲ ದಡದಲ್ಲಿ ಬೆಳಗೋದು ಸಮುದ್ರ. ಚೆನ್ನೈನಲ್ಲಿ ಬೆಳಗೋದು ಬೀದಿದೀಪ. ಪಾಪ, ಊರೊಳಗೆ ಹೊರಟುಬಿಡುತ್ತವೆ.

ಆದರೆ ಈ ನಡಿಗೆ ಬರೀ ಮುದ್ದು ಮರಿಗಳದ್ದಲ್ಲ. ಸತ್ತ ಆಮೆ ಕಂಡರೆ ಅದನ್ನೂ ಬರೆದುಕೊಳ್ಳಬೇಕು. 2025ರ ಜನವರಿಯಲ್ಲಿ ತಮಿಳುನಾಡಿನ ದಡಕ್ಕೆ, ಅದರಲ್ಲೂ ಚೆನ್ನೈ ಸುತ್ತಮುತ್ತ, ಸಾವಿರಕ್ಕೂ ಹೆಚ್ಚು ಆಮೆಗಳು ಸತ್ತು ಬಂದವು. ಆಮೆಗೆ ಉಸಿರಾಡೋಕೆ ಮೇಲೆ ಬರಲೇಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕರೆ ಉಸಿರುಕಟ್ಟಿ ಸಾಯುತ್ತೆ. ದಡದಿಂದ ಐದು ನಾಟಿಕಲ್ ಮೈಲಿಯೊಳಗೆ ಟ್ರಾಲಿಂಗ್ ಮಾಡಬಾರದು ಅನ್ನೋ ನಿಯಮವೇನೋ ಇದೆ, ಪಾಲಿಸೋರು ಬೇಕಲ್ಲ! ಮಕ್ಕಳು ಎಷ್ಟು ಮರಿ ಬಿಟ್ಟರೂ ದೊಡ್ಡ ಆಮೆಗಳನ್ನ ದೊಡ್ಡವರೇ ಉಳಿಸಬೇಕು.

ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಇದೇ ಆಮೆಗಳು ಮೊಟ್ಟೆಯಿಡುತ್ತವೆ. ಕರಾವಳಿಯ ಮೇಷ್ಟ್ರುಗಳೇ, ಈ ಸಲ ಮಕ್ಕಳನ್ನ ಒಂದು ರಾತ್ರಿ ದಡಕ್ಕೆ ಕರ್ಕೊಂಡು ಹೋಗ್ತೀರಾ?