ಸೂರ್ಯ ಚಂದ್ರರಿದ್ದರು, ಎಲ್ಲೆ ಇರಲಿಲ್ಲ: 1790ರ ಕೊಡಗು–ಕಂಪನಿ ಒಪ್ಪಂದವನ್ನು ಶಾಸನದಂತೆ ಓದಿದರೆ

ಶಾಸನ ಓದುವ ಹುಚ್ಚು ಇರುವವರಿಗೆ ‘ಆಚಂದ್ರಾರ್ಕ’ ಎಂಬ ಮಾತು ಹೊಸದಲ್ಲ. ಕೊಟ್ಟ ದಾನ, ಆಡಿದ ಮಾತು ಸೂರ್ಯ ಚಂದ್ರರಿರುವ ತನಕ ನಿಲ್ಲಲಿ ಅಂತ ಅರ್ಥ. ಕಲ್ಲಿನ ಮೇಲ್ಗಡೆ ಸೂರ್ಯ, ಚಂದ್ರರನ್ನು ಕೆತ್ತಿರುವುದೂ ಅದಕ್ಕೇ. ಇದೇ ಮಾತು ಕೊಡಗಿನ ಇತಿಹಾಸದಲ್ಲಿ ಕಲ್ಲಿನ ಮೇಲಲ್ಲದೆ ಕಾಗದದ ಮೇಲೂ ಒಮ್ಮೆ ಬರುತ್ತದೆ. 1790ರ ಅಕ್ಟೋಬರಿನಲ್ಲಿ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ಒಪ್ಪಂದದಲ್ಲಿ. ಕಂಪನಿಯ ಪರವಾಗಿ ಸಹಿ ಹಾಕಿದವನು ತಲಚೇರಿಯ ಮುಖ್ಯಾಧಿಕಾರಿ ರಾಬರ್ಟ್ ಟೇಲರ್. ಇಬ್ಬರ ನಂಬಿಕೆ ಸೂರ್ಯ ಚಂದ್ರರಿರುವವರೆಗೆ ಮುರಿಯಬಾರದು, ಅದಕ್ಕೆ ದೇವರು, ಸೂರ್ಯ, ಚಂದ್ರ, ಭೂಮಿ ಸಾಕ್ಷಿ ಎಂದು ಅದರಲ್ಲಿ ಬರೆಸಿದ್ದರು.

ಈ ಒಪ್ಪಂದ ಮತ್ತೆ ನೆನಪಾಗಲು ಕಾರಣ ಉಕ್ರೇನ್. 2022ರಲ್ಲಿ ಯುದ್ಧ ಶುರುವಾಗಿ ಗೊಬ್ಬರದ ಬೆಲೆ ಏರಿದಾಗ ನಮ್ಮ ಚೆಟ್ಟಳ್ಳಿಯ ಕಾಫಿ ಬೆಳೆಗಾರರ ಬಾಯಲ್ಲೂ ನೇಟೋ ಎಂಬ ಹೆಸರು ಬಂತು. ಗಡಿ ಜಗಳ ಇರುವ ಸಣ್ಣ ದೇಶವನ್ನು ದೊಡ್ಡ ಸೇನಾಕೂಟ ಒಳಗೆ ಸೇರಿಸಿಕೊಳ್ಳಬೇಕೇ? ಸೇರಿಸಿಕೊಂಡರೆ ಪರರ ಜಗಳ ಮನೆಗೆ ತಂದ ಹಾಗಾಗುವುದಿಲ್ಲವೇ? ಪ್ರಶ್ನೆ ಯುರೋಪಿನದ್ದು ಅನ್ನಿಸಬಹುದು. ಆದರೆ ಇಲ್ಲಿಂದ ಹದಿನೈದು–ಹದಿನಾರು ಕಿಲೋಮೀಟರ್ ದೂರದ ಮಡಿಕೇರಿಯ ಅರಸ 1790ರಲ್ಲೇ ಇದಕ್ಕೆ ಎದುರಾಗಿದ್ದ.

ಅದಕ್ಕೂ ಮೊದಲು ಒಂದು ಹಳೆಯ ಕಲ್ಲನ್ನು ನೋಡಿಬಿಡೋಣ. ಲೂಯಿ ರೈಸ್ ಹೊರತಂದ ಕೊಡಗಿನ ಶಾಸನಗಳ ಸಂಪುಟದಲ್ಲಿ ಮನಿಜನ ಶಾಸನವಿದೆ. ಕಾಲ ಸುಮಾರು 1004. ಪಣಸೋಗೆಯ ಕಾಳಗದಲ್ಲಿ ಮನಿಜ ತೋರಿದ ಶೌರ್ಯವನ್ನು ಕೇಳಿದ ರಾಜರಾಜ ಚೋಳ, ಅವನಿಗೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಪಟ್ಟ ಕಟ್ಟಿಸಿ ಮಾಲಂಬಿಯನ್ನು ಕೊಡಿಸಿದ. ಪಣಸೋಗೆ ಎಂದರೆ ಇವತ್ತಿನ ಮೈಸೂರು ಜಿಲ್ಲೆಯ ಹನಸೋಗೆ. ಮಾಲಂಬಿ ಸೋಮವಾರಪೇಟೆ ಕಡೆಯದು. ಸಣ್ಣ ಮನೆತನವೊಂದು ದೂರದ ದೊಡ್ಡ ದೊರೆಯ ಕೂಟಕ್ಕೆ ಸೇರಿದ್ದು ಹೀಗೆ. ಮುಂದೆ ಕೊಂಗಾಳ್ವರು ಚೋಳರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಪಕ್ಕದಲ್ಲಿ ಬೆಳೆಯುತ್ತಿದ್ದ ಹೊಯ್ಸಳರ ಜೊತೆ ಅವರಿಗೆ ಜಗಳವಿತ್ತು. ಬೆನ್ನ ಹಿಂದೆ ಚೋಳರು ಇರುವ ತನಕ ನಡೆಯಿತು. 1116ರ ಹೊತ್ತಿಗೆ ವಿಷ್ಣುವರ್ಧನ ತಲಕಾಡಿನಿಂದ ಚೋಳರನ್ನು ಓಡಿಸಿದ. ಆಮೇಲೆ ಕೊಂಗಾಳ್ವರ ಹೆಸರು ಶಾಸನಗಳಲ್ಲಿ ತೆಳುವಾಗುತ್ತಾ ಹೋಗುತ್ತದೆ. ಕಾಯುವವನು ದೂರದವನಾದರೆ ಅವನು ಹಿಂದೆ ಸರಿದ ದಿನ ಸಣ್ಣವನು ಒಂಟಿ.

ಈಗ ವೀರರಾಜೇಂದ್ರನ ಕಾಲಕ್ಕೆ ಬರೋಣ. 1780ರಲ್ಲಿ ಲಿಂಗರಾಜೇಂದ್ರ ತೀರಿಕೊಂಡಾಗ ಅವನ ಮಕ್ಕಳು ಚಿಕ್ಕವರು. ಅವರು ದೊಡ್ಡವರಾಗುವವರೆಗೆ ನೋಡಿಕೊಳ್ಳುತ್ತೇನೆ ಎಂಬ ನೆಪದಲ್ಲಿ ಹೈದರಾಲಿ ಕೊಡಗನ್ನು ಕೈಗೆ ತೆಗೆದುಕೊಂಡ. ರಾಜಕುಟುಂಬ ಗೊರೂರಿನಲ್ಲಿ, ಆಮೇಲೆ ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆ. 1788ರ ಡಿಸೆಂಬರಿನಲ್ಲಿ ವೀರರಾಜೇಂದ್ರ ಅಲ್ಲಿಂದ ತಪ್ಪಿಸಿಕೊಂಡು ಬಂದ. ಮೈಸೂರಿನ ಪಡೆಗಳನ್ನು ನಾಡಿನಿಂದ ಹೊರಹಾಕುವ ಹೋರಾಟದ ನಡುವೆಯೇ ಕಂಪನಿಯ ಜೊತೆ ಮಾತುಕತೆ ನಡೆಯಿತು.

ಒಪ್ಪಂದದ ಸಾರ ಇಷ್ಟು. ಟಿಪ್ಪು ಇಬ್ಬರಿಗೂ ಶತ್ರು. ಅರಸ ಕಂಪನಿಯ ಸೈನ್ಯಕ್ಕೆ ನ್ಯಾಯವಾದ ಬೆಲೆಗೆ ದವಸ, ಸಾಮಾನು ಒದಗಿಸಬೇಕು. ಬೇರೆ ಟೋಪಿವಾಲರ ಜೊತೆ ವ್ಯವಹಾರ ಇಟ್ಟುಕೊಳ್ಳಬಾರದು. ಕೊಡಗಿನ ಸ್ವಾತಂತ್ರ್ಯಕ್ಕೆ ಕಂಪನಿ ಹೊಣೆ. ಟಿಪ್ಪು ಜೊತೆ ಸಂಧಿಯಾದರೂ ಅರಸನ ಹಿತವನ್ನು ಕೈಬಿಡುವಂತಿಲ್ಲ. ಶಾಂತಿ ನೆಲೆಸುವ ತನಕ ಅರಸನ ಕುಟುಂಬಕ್ಕೆ ತಲಚೇರಿಯಲ್ಲಿ ಆಶ್ರಯ.

ಕಂಪನಿಗೆ ಇದು ಧರ್ಮದ ಕೆಲಸವೇನೂ ಆಗಿರಲಿಲ್ಲ. ಮಲಬಾರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಲು ಕೊಡಗು ಬಾಗಿಲಿನಂತಿತ್ತು. ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ 1791ರಲ್ಲಿ ಬಂದದ್ದು ಈ ದಾರಿಯಲ್ಲೇ. ಅವನಿಗೂ ಅರಸನಿಗೂ ಆದ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿದ ಊರು ವೀರರಾಜೇಂದ್ರಪೇಟೆ, ನಮ್ಮ ಇವತ್ತಿನ ವಿರಾಜಪೇಟೆ.

ಪರೀಕ್ಷೆ ಬಂದದ್ದು 1792ರಲ್ಲಿ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸೋತ ಟಿಪ್ಪು ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ್ದ. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿಯೂ ಆಗಿತ್ತು. ಯಾವ ಯಾವ ಸೀಮೆ ಬಿಡಬೇಕು ಎಂಬ ಪಟ್ಟಿ ಬಂದಾಗ ಅದರಲ್ಲಿ ಕೊಡಗಿನ ಹೆಸರಿತ್ತು. ಟಿಪ್ಪು ಕೆರಳಿದ. ಕೊಡಗು ಇವರ ಯಾವ ಪ್ರಾಂತ್ಯಕ್ಕೆ ಅಂಟಿಕೊಂಡಿದೆ, ಇದನ್ನು ಕೇಳುವುದೂ ರಾಜಧಾನಿಯ ಬೀಗದ ಕೈ ಕೇಳುವುದೂ ಒಂದೇ ಎಂಬುದು ಅವನ ವಾದ. ಅವನ ಕಡೆಯಿಂದ ನೋಡಿದರೆ ಅದು ಸುಳ್ಳೂ ಅಲ್ಲ. ಮಾತುಕತೆ ಮುರಿದು ಬೀಳುವ ಹಂತಕ್ಕೆ ಬಂತು. ಕಾರ್ನ್‌ವಾಲಿಸ್ ಮತ್ತೆ ಮುತ್ತಿಗೆಗೆ ಸಿದ್ಧತೆ ನಡೆಸಿದ. ಕೊನೆಗೆ ಟಿಪ್ಪು ಮಣಿದು ಮಾರ್ಚ್‌ನಲ್ಲಿ ಸಹಿ ಹಾಕಿದ.

ಈ ಘಟನೆಯಲ್ಲಿ ಎರಡೂ ಪಕ್ಷದ ವಾದಕ್ಕೆ ಪುರಾವೆ ಸಿಗುತ್ತದೆ. ಗಡಿ ಜಗಳದ ಸಣ್ಣ ನಾಡನ್ನು ಸೇರಿಸಿಕೊಂಡರೆ ಯುದ್ಧ ಮೈಮೇಲೆ ಬರುತ್ತದೆ ಅನ್ನುವವರು ಸರಿ. ಮುಗಿದ ಯುದ್ಧ ಕೊಡಗಿನ ಹೆಸರಿನಿಂದ ಮತ್ತೆ ಶುರುವಾಗುವುದರಲ್ಲಿತ್ತು. ದೊಡ್ಡವನು ಗಟ್ಟಿಯಾಗಿ ನಿಂತರೆ ಎದುರಾಳಿ ಹಿಂದೆ ಸರಿಯುತ್ತಾನೆ ಅನ್ನುವವರೂ ಸರಿ, ಟಿಪ್ಪು ಸರಿದ. ಆದರೆ ಮೊದಲು ನಿನ್ನ ಜಗಳ ಬಗೆಹರಿಸಿಕೊಂಡು ಬಾ ಎಂದು ಟೇಲರ್ 1790ರಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ಮತ್ತೆ ಬರಲು ಕೊಡಗಿನ ಅರಸ ಉಳಿಯುತ್ತಿದ್ದನೋ ಇಲ್ಲವೋ. ಜಗಳ ಇಲ್ಲದವನಿಗೆ ಕೂಟದ ಹಂಗೂ ಇರುವುದಿಲ್ಲ ಅಲ್ವಾ? ಮೇಲಾಗಿ, ಜಗಳ ತೀರುವ ತನಕ ಪ್ರವೇಶ ಇಲ್ಲ ಎಂಬ ನಿಯಮ ಮಾಡಿದರೆ, ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂಬ ತೀರ್ಮಾನ ಎದುರಾಳಿಯ ಕೈಗೆ ಹೋಗುತ್ತದೆ. ಅವನು ಜಗಳವನ್ನು ಜೀವಂತ ಇಟ್ಟರೆ ಸಾಕು.

ಹಾಗಾಗಿ ಸೇರಿಸಿಕೊಂಡದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ತಪ್ಪಿದ್ದದ್ದು ಬರವಣಿಗೆಯಲ್ಲಿ. ಇದು ಶಾಸನ ಓದುವವರಿಗೆ ಬೇಗ ಕಾಣುತ್ತದೆ. ಒಂದು ಸಾಧಾರಣ ಭೂದಾನದ ಶಾಸನ ತೆಗೆದುಕೊಳ್ಳಿ. ಸೂರ್ಯ ಚಂದ್ರರ ಜೊತೆ ಇನ್ನೆರಡು ಅಂಗ ಅದರಲ್ಲಿ ಇರುತ್ತವೆ. ಒಂದು ಚತುಸ್ಸೀಮೆ: ಮೂಡಲು ಯಾವ ಬಂಡೆ, ತೆಂಕಲು ಯಾವ ಕೆರೆಯ ಕೋಡಿ, ಪಡುವಲು ಯಾವ ಹುತ್ತ, ಬಡಗಲು ಯಾವ ಮರ. ಇನ್ನೊಂದು ಶಾಪ: ದಾನವನ್ನು ಕಿತ್ತುಕೊಂಡವನಿಗೆ, ಅವನು ಕೊಟ್ಟವನೇ ಆಗಿರಲಿ, ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆ. 1790ರ ಒಪ್ಪಂದದ ಷರತ್ತುಗಳಲ್ಲಿ ಸ್ವಾತಂತ್ರ್ಯದ ಮಾತಿದೆ, ಆ ಸ್ವತಂತ್ರ ನಾಡಿನ ಎಲ್ಲೆ ಇಲ್ಲ. ಸಾಕ್ಷಿಗಳಿದ್ದಾರೆ, ಆದರೆ ಕಂಪನಿಯೇ ಮಾತು ತಪ್ಪಿದರೆ ಕೇಳುವವರು ಯಾರು ಎಂಬುದಿಲ್ಲ.

ಈ ಎರಡು ಕೊರತೆಗಳ ಫಲ ಬೇಗನೇ ಬಂತು. 1792ರ ಸಂಧಿಯಲ್ಲಿ ಕೊಡಗು ಸ್ವತಂತ್ರ ಮಿತ್ರನಾಗಿ ಅಲ್ಲ, ಟಿಪ್ಪು ಕಂಪನಿಗೆ ಬಿಟ್ಟುಕೊಟ್ಟ ಸೀಮೆಗಳ ಪಟ್ಟಿಯಲ್ಲಿ ಒಂದಾಗಿ ಸೇರಿತು. 1793ರಲ್ಲಿ ಅರಸ ವರ್ಷಕ್ಕೆ 24,000 ರೂಪಾಯಿ ಕಪ್ಪ ಕೊಡಲು ಒಪ್ಪಬೇಕಾಯಿತು. ಮೂರೇ ವರ್ಷದಲ್ಲಿ ಮಿತ್ರ ಹೋಗಿ ಸಾಮಂತ! 1799ರ ಯುದ್ಧದಲ್ಲಿ, ಸಿದ್ದೇಶ್ವರದ ಕಾಳಗದ ಹೊತ್ತಿನಲ್ಲಿ, ಅರಸ ಕಂಪನಿಯ ಪಡೆಗೆ ಬೆನ್ನೆಲುಬಾಗಿ ನಿಂತ. ಅದಕ್ಕೆ ಮೆಚ್ಚಿ ಕಪ್ಪವನ್ನು ಬಿಟ್ಟು, ವರ್ಷಕ್ಕೊಂದು ಆನೆ ಸಾಕು ಎಂದರು. ಟಿಪ್ಪು ಸತ್ತ ಮೇಲೆ ಕೊಡಗಿನ ಸುತ್ತಲಿನ ಎಲ್ಲೆಗಳನ್ನು ನಿರ್ಧರಿಸುವವರು ಕಂಪನಿಯವರೇ ಆದರು. ಘಟ್ಟದ ಕೆಳಗಿನ ಸೀಮೆಗಳನ್ನು ಕೊಡಗಿಗೆ ಕೊಟ್ಟವರೂ ಅವರೇ. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನೇ ನುಂಗಿದವರೂ ಅವರೇ. ಅದರ ಬೆನ್ನಿಗೇ ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂಬ ಕಷ್ಟವೂ ಸೇರಿ 1837ರಲ್ಲಿ ಅಲ್ಲಿ ದಂಗೆ ಎದ್ದಿತು. ಸೂರ್ಯ ಚಂದ್ರರ ಆಣೆ ನಿಂತದ್ದು 44 ವರ್ಷ.

ಇನ್ನು ಇವತ್ತಿನ ಮಾತು. ನೇಟೋ 1995ರಲ್ಲಿ ಹೊಸ ಸದಸ್ಯರ ಬಗ್ಗೆ ಮಾಡಿದ ಅಧ್ಯಯನದಲ್ಲಿ, ಗಡಿ ವಿವಾದ ಇರುವ ದೇಶ ಅದನ್ನು ಶಾಂತಿಯಿಂದ ಬಗೆಹರಿಸಿಕೊಳ್ಳಬೇಕು, ಆಹ್ವಾನ ಕೊಡುವಾಗ ಅದನ್ನೂ ಗಮನಿಸಲಾಗುತ್ತದೆ ಎಂದಿತು. ಆದರೆ 1955ರಲ್ಲಿ ಪಶ್ಚಿಮ ಜರ್ಮನಿ ಸೇರಿದಾಗ ದೇಶ ಇಬ್ಭಾಗವಾಗಿಯೇ ಇತ್ತು. ಕೂಟದ ರಕ್ಷಣೆ ಅದರ ಆಡಳಿತದಲ್ಲಿದ್ದ ನೆಲಕ್ಕೆ ಇತ್ತು, ಕೇಳುತ್ತಿದ್ದ ನೆಲಕ್ಕೆ ಇರಲಿಲ್ಲ. ಅಂದರೆ ಅಲ್ಲಿ ಚತುಸ್ಸೀಮೆ ಇತ್ತು. 2008ರ ಏಪ್ರಿಲ್‌ನಲ್ಲಿ ಬುಖಾರೆಸ್ಟ್‌ನಲ್ಲಿ ಜಾರ್ಜಿಯಾ, ಉಕ್ರೇನ್‌ಗಳಿಗೆ ನೀವು ಮುಂದೆ ಸದಸ್ಯರಾಗುತ್ತೀರಿ ಎಂದರು. ಯಾವಾಗ ಎಂದು ಹೇಳಲಿಲ್ಲ, ಅಲ್ಲಿವರೆಗೆ ಯಾರು ಕಾಯುತ್ತಾರೆ ಎಂದೂ ಹೇಳಲಿಲ್ಲ. ಆಗಸ್ಟ್‌ನಲ್ಲಿ ಜಾರ್ಜಿಯಾದಲ್ಲಿ ಯುದ್ಧವಾಯಿತು. ಎಲ್ಲೆಯೂ ಇಲ್ಲದ, ಕಾಲವೂ ಇಲ್ಲದ ಮಾತು ಸಣ್ಣವನಿಗೆ ಎಲ್ಲಕ್ಕಿಂತ ಅಪಾಯ. ಶತ್ರುವಿಗೆ ಸಿಟ್ಟು ಬರಿಸಲು ಅಷ್ಟು ಸಾಕು, ಕಾಯಲು ಸಾಲದು.

ಒಂದು ವ್ಯತ್ಯಾಸವನ್ನು ಮರೆಯಬಾರದು. ನೇಟೋದಲ್ಲಿ ತೀರ್ಮಾನಕ್ಕೆ ಎಲ್ಲ ಸದಸ್ಯರ ಒಪ್ಪಿಗೆ ಬೇಕು; ದೊಡ್ಡವನ ಜೊತೆ ಹತ್ತಾರು ಸಣ್ಣವರೂ ಕೂತಿರುತ್ತಾರೆ. ವೀರರಾಜೇಂದ್ರನ ಪಕ್ಕದಲ್ಲಿ ಹಾಗೆ ಕೂರುವವರು ಯಾರೂ ಇರಲಿಲ್ಲ. ಅವನಿದ್ದ ಕೂಟದಲ್ಲಿ ಇದ್ದವರು ಇಬ್ಬರೇ. ಅವರಲ್ಲಿ ಒಬ್ಬನ ಕೈಯಲ್ಲಿ ಸೈನ್ಯ, ಖಜಾನೆ, ನಕ್ಷೆ ಮೂರೂ ಇದ್ದವು.

ಜಗಳ ಇದೆ ಎಂದು ಸಣ್ಣ ನಾಡನ್ನು ಹೊರಗಿಡಬಾರದು. ಒಳಗೆ ಕರೆಯುವಾಗ ಮಾತ್ರ ಯಾವ ನೆಲದವರೆಗೆ ಕಾಯುತ್ತೇವೆ, ಉಳಿದ ನೆಲದ ಮಾತು ಯಾರೆದುರು ಆಗಬೇಕು, ಕಾಯುವವನೇ ತಪ್ಪಿದರೆ ಕೇಳುವವರು ಯಾರು ಎಂಬುದನ್ನು ಬರೆದಿಡಬೇಕು. ಎರಡು ಗದ್ದೆ ದಾನ ಕೊಟ್ಟ ಊರಗೌಡನೂ ತನ್ನ ಕಲ್ಲಿನಲ್ಲಿ ಮರೆಯದೆ ಬರೆಸುತ್ತಿದ್ದ ವಿಷಯ ಇದು. ಮುಂದಿನ ಸಲ ನಿಮ್ಮೂರಿನ ದಾನಶಾಸನದ ಮುಂದೆ ನಿಂತಾಗ ಮೇಲಿನ ಸೂರ್ಯ ಚಂದ್ರರ ಫೋಟೋ ತೆಗೆದು ಹೊರಟುಬಿಡಬೇಡಿ. ಕೆಳಗಿನ ಸಾಲುಗಳಲ್ಲಿ ಆ ಬಂಡೆ, ಕೆರೆ, ಹುತ್ತಗಳನ್ನೂ ಓದಿ.